ತಾಸಿಗೆ ನಾಲ್ಕು ಲೀಟರು

“ಉಗುಳು! ಬಾಯಾಗಿನ ನೀರು ಅಲ್ಲೇ ಬಳ್ಳಿ ಬುಡಕ್ಕ ಉಗುಳಂದ್ರ ಉಗುಳು!”

ಸುಪರ್‌ವೈಜರ್ ಸುಧೀರ ಕೂಗುತ್ತ ಓಡಿಬರುವಷ್ಟರಲ್ಲಿ ಖಾತುನ ಗಟಕ್ಕನೆ ನುಂಗಿಬಿಟ್ಟಿದ್ದಳು. ಡ್ರಿಪ್ ಪೈಪಿನ ಕೆಳಗೆ ಬೊಗಸೆಯೊಡ್ಡಿ ಕೂತು, ಹನಿಗೆ ಹನಿ ಕೂಡಿಸಿ ಒಂದು ಗುಟುಕು ಮಾಡಿಕೊಂಡಿದ್ದಳು. ಅಷ್ಟು ಕಷ್ಟದ್ದನ್ನು ಉಗುಳುವುದೆಂದರೇನು?

“ನುಂಗೇನ್ರಿ ಸಾಹೇಬ್ರ. ಅವಸರ ಮಾಡಬ್ಯಾಡ್ರಿ, ಸಂಜಿಮಟಾ ತಡದ್ರ ಇದ ಬಳ್ಳಿ ಬುಡಕ್ಕ ಕುಂತು ತಿರುಗಿ ಕೊಡ್ತೇನಿ.”

ಸಾಲಿನುದ್ದಕ್ಕೂ ಎಲೆ ಚಿವುಟುತ್ತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಸುಧೀರನ ಕಿವಿ ಕೆಂಪಾದವು.

“ಬೋಸುಡಿ, ನಾಲಿಗಿ ಭಾಳ ಉದ್ದ ಆಗ್ಯದ ನಿಂದು. ಗಿಡಕ್ಕ ಬಿಟ್ಟ ನೀರು ಕಳವು ಮಾಡಿ ಮ್ಯಾಲೆ ಮಾತಾಡ್ತಿ?”

“ಗಿಡಕ್ಕ ಸಾಕಾಗೇತ್ರಿ. ಕಾಯಿ ಉಬ್ಬೂ ಹೊತ್ತಿನ್ಯಾಗ ದಿನಾ ನಾಕ್ ತಾಸು ಕುಡಿಸಿದ್ರ ಸಿಪ್ಪಿ ಸೀಳತೇತಿ. ಎಲಿ ಮುಟ್ಟಿ ನೋಡ್ರಿ, ಬಾವು ಬಂದವರ ಮಾರಿ ಆದಂಗ ಆಗೇತಿ.”

“ನೀ ಯಾವ ಕಾಲೇಜಿನಾಗ ಕಲ್ತಿ?”

ಖಾತುನ ಕಲಿತದ್ದು ವಿಜಾಪುರದ ತಿಕೋಟಾ ಕಡೆಯ ದ್ರಾಕ್ಷಿ ಪಡಗಳಲ್ಲಿ. ಕೆಳಗಿನ ತಂತಿಯಷ್ಟು ಎತ್ತರವಿದ್ದಾಗಿನಿಂದ ದ್ರಾಕ್ಷಿಯ ಸಾಲಿನಲ್ಲೇ ಬೆಳೆದವಳು. ಟ್ಯಾಂಕರಿನಲ್ಲಿ ನೀರು ತಂದು ತಂಬಿಗೆ ಲೆಕ್ಕದಲ್ಲಿ ಬಳ್ಳಿ ಬದುಕಿಸಿದ ಊರು ಅದು. ಬೆಳಿಗ್ಗೆ ಎಲೆ ಸವರಿದರೆ ಸಾಕು, ಬಳ್ಳಿಗೆ ನೀರಡಿಕೆಯೋ ಅಜೀರ್ಣವೋ ಹೇಳುತ್ತಿದ್ದಳು. ಅಂಥ ಕೈಗಳು ಬೇಕೆಂದೇ ಗೋವಾದ ಕೆಪೆಯ ಭಾಟಕಾರ ಪ್ರಭುದೇಸಾಯಿ ಎರಡು ವರ್ಷದ ಹಿಂದೆ ಆರು ಕುಟುಂಬಗಳನ್ನು ಘಟ್ಟದ ಕೆಳಗೆ ಇಳಿಸಿಕೊಂಡಿದ್ದ. ಆ ಸೀಮೆಯ ಜಮೀನ್ದಾರರಿಗೆ ಭಾಟಕಾರರೆನ್ನುತ್ತಾರೆ. ಈ ಭಾಟಕಾರನಿಗೆ ಗೋವಾದ ಕೆಂಪುಮಣ್ಣಿನಲ್ಲಿ ದ್ರಾಕ್ಷಿ ಬೆಳೆದು, ಬಿಳಿಯ ಟೂರಿಸ್ಟರ ಕೈಯಿಂದ ಕೀಳಿಸಿ, ಅಲ್ಲೇ ಚಪ್ಪರದಡಿ ವೈನು ಕುಡಿಸುವ ಆಸೆ. ಗೇರುಗಿಡ ಕಡಿಸಿ, ಗುಡ್ಡ ಸಪಾಟು ಮಾಡಿಸಿ, ಕೂಲಿಯವರ ಶೆಡ್ಡುಗಳ ಪಕ್ಕದಲ್ಲೇ ಬೋರು ಹೊಡೆಸಿದ. ಬೋರು ಬಂದ ವರ್ಷವೇ ಶೆಡ್ಡಿನ ಬಾವಿ ತಳ ಕಂಡಿತು. ಆಮೇಲೆ ಅದೇ ಬೋರಿನಿಂದ ಒಂದು ನಲ್ಲಿ ಎಳೆಸಿ ಕೊಟ್ಟ, ಧರ್ಮಾತ್ಮ.

ಅವತ್ತು ಸಂಜೆ ಆ ನಲ್ಲಿಯೂ ನಿಂತಿತು. ಸುಧೀರ ವಾಲ್ವಿನ ಚಕ್ರವನ್ನೇ ಬಿಚ್ಚಿ ಜೇಬಿಗೆ ಹಾಕಿಕೊಂಡು ಹೋಗಿದ್ದ. ಶನಿವಾರ ಪಣಜಿಯಿಂದ ಸರಕಾರಿ ಸಾಹೇಬರು ಬಂದು ಡ್ರಿಪ್ ನೋಡಿ ಸಬ್ಸಿಡಿಗೆ ಸಹಿ ಮಾಡಬೇಕು, ಅಲ್ಲಿಯವರೆಗೆ ಬೋರಿನ ಒಂದು ಹನಿಯೂ ಆಚೀಚೆ ಹೋಗಕೂಡದು ಎಂದು ಹೇಳಿ ಕಳಿಸಿದ.

ಹೆಂಗಸರು ಖಾತುನಳ ಬಾಗಿಲಿಗೆ ಬಂದು ಬಾಯಿಗೆ ಬಂದಂತೆ ಬೈದರು. ಮಾತಿನ ಚಟ ಅವಳದು, ನೀರಡಿಕೆ ಊರದು. ಕುಶಾವತಿ ಹೊಳೆಗೆ ಹೋಗಿ ಬರುವುದೆಂದರೆ ಒಂದೂವರೆ ತಾಸು. ಹಾದಿಯೂ ಕಡಿದಾದ ಇಳಿಜಾರು. ಖಾತುನ ಕೊಡವೆತ್ತಿಕೊಂಡು ಹೊಳೆಯ ಹಾದಿ ಹಿಡಿದಳು. ಮೋಟಾರು ನೋಡಿಕೊಳ್ಳುವ ಖೇಮಪ್ಪನ ಹೆಂಡತಿ ಸೋಮಲಿ ಹಡೆದು ಹನ್ನೊಂದು ದಿನ. ಹೆಣ್ಣುಕೂಸು. ಆ ಕೂಸನ್ನು ಶೆಡ್ಡಿನ ತಗಡಿನಡಿ ಹೊರಗೆಳೆದು ಹೊಕ್ಕಳಬಳ್ಳಿ ಕತ್ತರಿಸಿದವಳು ಖಾತುನಳೇ. ನಲ್ಲಿ ನಿಂತ ಮೇಲೆ, ಹೊಳೆಯಿಂದ ತಂದದ್ದು ಕುಡಿಯಲಿಕ್ಕೇ ಸಾಲದೆ, ಎರಡು ದಿನದಿಂದ ಅದಕ್ಕೆ ಮೈತೊಳೆದಿರಲಿಲ್ಲ. ಸೆಕೆಗೆ ಕುತ್ತಿಗೆಯ ಸಂದಿನಲ್ಲೆಲ್ಲ ಕೆಂಪು ಬೊಬ್ಬೆಗಳೆದ್ದು ಹಗಲೂ ರಾತ್ರಿ ಚೀರುತ್ತಿತ್ತು.

ಬುಧವಾರ ಖಾತುನ ಸೆರಗು ತಲೆಗೆಳೆದುಕೊಂಡು ಭಾಟಕಾರನ ಜಗುಲಿಗೇ ಹೋದಳು. ಪ್ರಭುದೇಸಾಯಿ ಆರಾಮಕುರ್ಚಿಯ ಕೈಗಳ ಮೇಲೆ ಕಾಲು ಚಾಚಿ ಪೇಪರು ಓದುತ್ತಿದ್ದ. ಸುಧೀರ ಪಕ್ಕದಲ್ಲಿ ನಿಂತಿದ್ದ. ಅವನಿಗೂ ಅಲ್ಲಿ ಕುರ್ಚಿ ಇರಲಿಲ್ಲ.

“ಉದಕ ಜಾಯ್?” ಪೇಪರು ಸರಿಸದೆಯೇ ಭಾಟಕಾರ ಕೇಳಿದ. “ಬಾಂಯ್ತ ಉಡಿ ಮಾರ್.”

“ಏನಂದ್ರು ತಿಳೀತಿಲ್ಲೊ?” ಸುಧೀರ ನಗುತ್ತ ಕನ್ನಡಿಸಿದ. “ನೀರು ಬೇಕಂದ್ರ ಬಾವ್ಯಾಗ ಹಾರು ಅಂದ್ರು.”

“ಹಾರತಿದ್ನೆರಿ. ಆದ್ರ ಬಾವಿ ನೀರೆಲ್ಲಾ ನಿಮ್ಮ ಬೋರ್ ಕುಡದೈತಿ. ಹಾರಿದ್ರ ಕಾಲು ಮುರೀತೇತಿ, ಜೀವ ಹೋಗಂಗಿಲ್ಲ. ಆಮ್ಯಾಲ ಕುಂಟಿನ್ನ ಇಟಗೊಂಡು ಏನ್ ಮಾಡ್ತೀರಿ?”

ಸುಧೀರ ಇದನ್ನು ಕೊಂಕಣಿಗೆ ತಿರುಗಿಸಲಿಲ್ಲ. ತಿರುಗಿಸುವ ಅಗತ್ಯವೂ ಬೀಳಲಿಲ್ಲ, ಭಾಟಕಾರನಿಗೆ ಕನ್ನಡ ಬರುತ್ತಿತ್ತು. ಭಾಟಕಾರ ಪೇಪರು ಮಡಚಿ, ನೊಣ ಓಡಿಸುವಂತೆ ಅವಳ ಮುಖದೆದುರು ಬೀಸಿದ.

“ಘಾಂಟಿ!” ಎಂದ. “ನೀರೇ ಇಲ್ಲದ ಊರಿಂದ ಬಂದವು. ಇಲ್ಲಿ ಬಂದ ಮೇಲೆ ದಿನಾ ಸ್ನಾನ ಬೇಕಂತೆ!”

ಘಾಂಟಿ ಎಂದರೆ ಘಟ್ಟದ ಮೇಲಿನವರು. ಆ ಬೈಗುಳಕ್ಕೆ ಖಾತುನ ತಲೆ ತಗ್ಗಿಸಲಿಲ್ಲ. ಧಾರವಾಡದ ಸುಧೀರ ಮಾತ್ರ ಅದೇ ಹೊತ್ತಿಗೆ ತನ್ನ ಬೂಟಿನ ಲೇಸು ನೋಡಿಕೊಂಡ.

ಶುಕ್ರವಾರ ಸುಧೀರ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪಾಠ ಹೇಳಿದ. ಸಾಹೇಬರು ಕೇಳಿದರೆ ಏನು ಹೇಳಬೇಕು?

“ಒಂದು ಡ್ರಿಪ್ಪರಿಗೆ ತಾಸಿಗೆ ಎಷ್ಟು?”

“ನಾಕ ಲೀಟರ್ರಿ!”

“ಮೋಟರ್ ಎಷ್ಟೊತ್ತು?”

“ಒಂಬತ್ತರಿಂದ ಒಂದರ ತನಕಾ ರೀ!”

ಶಾಲೆಯ ಮಕ್ಕಳಂತೆ ಮೂರು ಸಲ ಒದರಿಸಿದ. ಖಾತುನ ಎಲ್ಲರಿಗಿಂತ ಜೋರಾಗಿ ಒದರಿದಳು. ಒದರುತ್ತ ಒದರುತ್ತ ಅವಳ ತಲೆಯಲ್ಲಿ ಕೊಡವೊಂದು ತುಂಬತೊಡಗಿತು. ಹನ್ನೆರಡು ಲೀಟರಿನ ಕೊಡ, ತಾಸಿಗೆ ನಾಲ್ಕು, ಮೂರು ತಾಸು. ಒಂದು ತಾಸು ಇನ್ನೂ ಮಿಕ್ಕುತ್ತದೆ.

“ಖೇಮಪ್ಪಾ, ಪೈಪಿಗೆ ಗೊಬ್ಬರ ಬಿಟ್ಟೀಯೇನು?”

“ಇಲ್ಲಬೇ ಅಕ್ಕಾ, ವಾರ ಆತು. ಬರೇ ನೀರ. ಯಾಕ?”

“ಹಂಗ ಕೇಳಿದೆ.”

ಶನಿವಾರ ಒಂಬತ್ತೂವರೆಗೆ ಪಣಜಿಯ ಇಬ್ಬರು ಸಾಹೇಬರನ್ನು ಕರೆದುಕೊಂಡು ಭಾಟಕಾರ ತೋಟಕ್ಕೆ ಕಾಲಿಟ್ಟ. ಇಟ್ಟವನು ಹಾಗೇ ನಿಂತ. ಮೊದಲ ಎರಡು ಸಾಲಿನುದ್ದಕ್ಕೂ, ಮೊಳಕಾಲೆತ್ತರಕ್ಕೆ ಕಟ್ಟಿದ ಕರಿ ಪೈಪಿನ ಕೆಳಗೆ, ಒಂದೊಂದು ಬಳ್ಳಿಗೆ ಒಂದೊಂದು ಕೊಡ. ಕೆಂಪು, ನೀಲಿ, ಹಸಿರು ಪ್ಲಾಸ್ಟಿಕ್ಕಿನವು, ಎಣ್ಣೆ ಡಬ್ಬಿ, ಅನ್ನದ ಪಾತೇಲಿ, ಒಬ್ಬ ಮುದುಕನ ತಂಬಾಕಿನ ಡಬ್ಬಿ ಕೂಡ. ಪ್ರತಿ ಕೊಡದ ಪಕ್ಕ ಒಬ್ಬೊಬ್ಬರು ಕುಕ್ಕರಗಾಲಲ್ಲಿ ಕೂತಿದ್ದರು. ಟಪ್ ಟಪ್ ಟಪ್ ಎಂದು ತೋಟವೆಲ್ಲ ತಾಳ ಹಾಕುತ್ತಿತ್ತು.

“ಮೋಟರ್ ಬಂದ್ ಮಾಡಸ್ಲಿ?” ಸುಧೀರ ಪಿಸುಗುಟ್ಟಿದ.

ಭಾಟಕಾರ ಹಲ್ಲು ಕಚ್ಚಿ ಬೇಡವೆಂದು ತಲೆಯಾಡಿಸಿದ. ಮೋಟಾರು ನಿಂತರೆ ಸಾಹೇಬರು ನೋಡುವುದೇನು?

ಹಿರಿಯ ಸಾಹೇಬರು ಹಿಂದಿಯಲ್ಲಿ ಇದೇನೆಂದು ಕೇಳಿದರು. ಖಾತುನಳಿಗೆ ಮನೆಮಾತಾದ ಉರ್ದುವೇ ಸಾಕಾಯಿತು. ಬಾವಿ ಬತ್ತಿದ್ದು, ನಲ್ಲಿಯ ಚಕ್ರ ಬಿಚ್ಚಿದ್ದು, ಕೂಸಿನ ಮೈ ಬೊಬ್ಬೆಯೆದ್ದದ್ದು, ಎಲ್ಲವನ್ನೂ ಎದ್ದುನಿಂತು ಹೇಳಿದಳು. ಸಾಹೇಬರು ಹೂಂಗುಟ್ಟುತ್ತ ಕೇಳಿಸಿಕೊಂಡರು. ಆಮೇಲೆ ಬಗ್ಗಿ ಒಂದು ಕೊಡ ನೋಡಿದರು, ಹತ್ತು ಹೆಜ್ಜೆಯಾಚೆ ಇನ್ನೊಂದು ನೋಡಿದರು. ಎರಡರಲ್ಲೂ ನೀರು ಸಮಸಮ. ಮುಖ ಅರಳಿತು.

“ವೆರಿ ಗುಡ್,” ಎಂದು ಭಾಟಕಾರನ ಕೈ ಕುಲುಕಿದರು. ಎಲ್ಲ ಬಳ್ಳಿಗೂ ಒಂದೇ ಪ್ರಮಾಣ! ಫೈಲು ತೆರೆದು ನಿಂತಲ್ಲೇ ಏನೋ ಬರೆದರು. ಕೊನೆಯ ಸಾಲಿನ ಅಳತೆ ಮಧ್ಯಾಹ್ನ ಮಾಡೋಣ, ಮೋಟಾರು ಓಡುತ್ತಿರಲಿ ಎಂದು ಹೇಳಿ, ಮೀನಿನ ವಾಸನೆ ಬರುತ್ತಿದ್ದ ಮನೆಯ ಕಡೆ ನಡೆದರು.

ಖಾತುನ ತನ್ನ ಕೊಡದೊಳಕ್ಕೆ ಬಗ್ಗಿ ನೋಡಿದಳು. ಮತ್ತೆ ಕೂತಳು.

ಅವರು ಮರೆಯಾದದ್ದೇ ತಡ, ಸುಧೀರ ಓಡಿಬಂದು ಮೊದಲ ಕೊಡವನ್ನು ಒದ್ದ. ಅದು ಸೋಮಲಿಯದು. ನೀರು ಕೆಂಪುಮಣ್ಣಿನಲ್ಲಿ ಇಂಗಿತು. “ಏಳ್ರಿ ಸೂಳೇಮಕ್ಕಳ್ರ್ಯಾ! ಪೊಲೀಸರಿಗೆ ಫೋನ್ ಮಾಡ್ಯಾರ ಧಣೇರು. ಕಳವಿನ ಕೇಸು ಜಡೀತಾರ.”

ಯಾರೂ ಏಳಲಿಲ್ಲ. ಖೇಮಪ್ಪ ಮೋಟಾರಿನ ಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದ.

“ಬಂದ್ ಮಾಡಲೇ ಮಗನ!”

“ಹೆಂಗ್ ಮಾಡ್ಲಿರಿ? ಸಾಹೇಬ್ರ ಓಡಲಿ ಅಂದಾರ. ನೀವ ಹೋಗಿ ಕೇಳಕೊಂಡು ಬರ್ರಿ.”

ಸಾಹೇಬರ ಎದುರಿಗೆ ಹೋಗಿ ಕೇಳುವ ಧೈರ್ಯ ಸುಧೀರನಿಗಿರಲಿಲ್ಲ. ಅವನು ಗೇಟಿನ ಕಡೆಗೂ ಮನೆಯ ಕಡೆಗೂ ನೋಡುತ್ತ ಬಿಸಿಲಲ್ಲಿ ನಿಂತ.

ಹನ್ನೆರಡರ ಹೊತ್ತಿಗೆ ಕೊಡಗಳು ತುಂಬಿದವು. ಕರಿ ಪೈಪಿನಲ್ಲಿ ಬಿಸಿಲುಂಡು ಬಂದ ನೀರು ಬೆಚ್ಚಗಿತ್ತು. ಖಾತುನ ಬೆರಳದ್ದಿ ನೋಡಿದಳು, ಮೊಣಕೈ ತಾಗಿಸಿ ನೋಡಿದಳು. ಆಮೇಲೆ ಸೀರೆಯನ್ನು ಮೊಳಕಾಲ ಮೇಲಕ್ಕೆ ಸರಿಸಿ, ಎರಡು ಸಾಲುಗಳ ನಡುವೆ ಕಾಲು ನೀಡಿ ಕೂತಳು.

“ತಾರವ್ವಾ ಸೋಮಲಿ, ಕೂಸಿನ್ನ.”

ಬತ್ತಲೆ ಕೂಸನ್ನು ಕಣಕಾಲ ಮೇಲೆ ಅಂಗಾತ ಹಾಕಿಕೊಂಡಳು. ಸೋಮಲಿ ಹುಯ್ದ ಮೊದಲ ನೀರಿಗೆ ಅದು ಬೆಚ್ಚಿ ಚೀರಿತು. ಎರಡನೆಯದಕ್ಕೆ ಬಿಕ್ಕಿತು. ಮೂರನೆಯದಕ್ಕೆ ಸುಮ್ಮನಾಗಿ, ಮುಷ್ಟಿ ಬಿಚ್ಚಿ ಕೈಚೆಲ್ಲಿತು. ಸಾಲಿನುದ್ದಕ್ಕೂ ಕೂತಿದ್ದ ಹೆಂಗಸರು ತಮ್ಮ ತಮ್ಮ ಕೊಡಗಳನ್ನು ಹತ್ತಿರಕ್ಕೆ ದೂಡಿದರು.

ಗೇಟಿನಾಚೆ ಜೀಪು ನಿಂತ ಸದ್ದಾಯಿತು. ಬೂಟುಗಳು ಜಲ್ಲಿಯ ಮೇಲೆ ಕರಕರ ಎಂದವು. “ಕೋಣ್ ತಿ?” ಎಂದು ಯಾರೋ ಗದರಿದರು. ಸುಧೀರ ಬೆರಳು ಮಾಡಿ ಖಾತುನಳನ್ನು ತೋರಿಸಿದ.

ಖಾತುನ ತಲೆಯೆತ್ತಲಿಲ್ಲ. ಕೂಸಿನ ಕುತ್ತಿಗೆಯ ಸಂದು ಬಿಡಿಸಿ ಒಂದೇ ಬೆರಳಿನಿಂದ ಮೆಲ್ಲಗೆ ಉಜ್ಜುತ್ತಿದ್ದಳು.

“ಕೈ ಯಾಕ ನಿಂದರ್ಸಿದಿ?” ಎಂದಳು ಸೋಮಲಿಗೆ. “ಬೆನ್ನ ಇನ್ನ ಉಳದೈತಿ. ಹಾಕು ನೀರು.”