ಔಟರ್‌ನಲ್ಲಿ ನಿಂತ ಅಪ್‌ಡೇಟ್

ವಜೀರ್ ಸಾಬ್ ಮೌಸನ್ನು ಲಿವರ್ ಹಿಡಿದಂತೆ ಬಿಗಿಯಾಗಿ ಹಿಡಿದು ‘ಆಮೇಲೆ ನೆನಪಿಸು’ ಎಂಬಲ್ಲಿ ಒತ್ತಿದರು. ಕಂಪ್ಯೂಟರ್ ಪರದೆಯ ಮೂಲೆಗೆ ಬಂದಿದ್ದ ಸೂಚನೆಯ ಪೆಟ್ಟಿಗೆ ಮಾಯವಾಯಿತು.

“ಔಟರ್‌ನಲ್ಲೇ ನಿಂತಿರು,” ಎಂದರು ಅದಕ್ಕೆ.

ಬೀರೂರು ಜಂಕ್ಷನ್ನಿನ ಕ್ಯಾಬಿನ್‌ನಲ್ಲಿ ಸಿಗ್ನಲ್ ಲಿವರ್ ಎಳೆದು ನಿವೃತ್ತರಾದವರು ಅವರು. ಹೇಳದೆ ಕೇಳದೆ ಬಂದ ಯಾವ ಗಾಡಿಯನ್ನೂ ಸ್ಟೇಷನ್ನಿನೊಳಗೆ ಬಿಟ್ಟವರಲ್ಲ. ಊರ ಹೊರಗಿನ ಸಿಗ್ನಲ್ಲಿನಲ್ಲೇ, ಅಂದರೆ ಔಟರ್‌ನಲ್ಲೇ, ನಿಲ್ಲಿಸುತ್ತಿದ್ದರು. ಈಗ ಮನೆಯ ಕಂಪ್ಯೂಟರಿಗೂ ಅದೇ ಕಾನೂನು. ಅಪ್‌ಡೇಟ್ ಬಂದಿದೆ ಎಂದು ಅದು ಹೇಳಿದಾಗಲೆಲ್ಲ ಇವರು ‘ಆಮೇಲೆ’ ಒತ್ತುತ್ತಿದ್ದರು. ದೀಪಾವಳಿಗೆ ಬಂದದ್ದು ರಂಜಾನ್ ಕಳೆದರೂ ಅಲ್ಲೇ ನಿಂತಿತ್ತು.

ಕಂಪ್ಯೂಟರ್ ಇದ್ದದ್ದು ಮಗಳು ರುಬೀನಾಳ ಕೆಲಸಕ್ಕೆ. ಅವಳು ರವಿಕೆಯ ಕಸೂತಿಯನ್ನು ಅದರಲ್ಲಿ ಬರೆದು, ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಸ್ಸಿನಲ್ಲಿ ಕಡೂರಿಗೆ ಒಯ್ಯುತ್ತಾಳೆ. ಅಲ್ಲಿನ ಅಂಗಡಿಯ ಎಂಬ್ರಾಯ್ಡರಿ ಮೆಷಿನ್ ಅದನ್ನು ಹೊಲಿಯುತ್ತದೆ. ಕಂಪ್ಯೂಟರನ್ನು ಕಾಯುವ ಕೆಲಸವನ್ನು ಮಾತ್ರ ಅಪ್ಪ ತಾವಾಗಿಯೇ ವಹಿಸಿಕೊಂಡಿದ್ದರು.

ಆ ದಿನ ರುಬೀನಾ ಫೋಲ್ಡರ್ ತೆರೆಯಲು ಹೋದಳು. ಎಲ್ಲ ಫೋಲ್ಡರ್‌ಗಳೂ ಸಣ್ಣದೊಂದು ಬಾಣದ ಗುರುತು ಹೊತ್ತು ಕೂತಿದ್ದವು. ಒತ್ತಿದರೆ ಒಳಗೇನೂ ಇಲ್ಲ. ಯಗಟಿಯ ಕರಿಬಸಮ್ಮನ ಮೊಮ್ಮಗಳ ಮದುವೆ ರವಿಕೆಯ ಡಿಸೈನೂ ಅದರಲ್ಲೇ ಇತ್ತು. ಮದುವೆ ಬರುವ ವಾರ. ರವಿಕೆ ಬರದಿದ್ದರೆ ಮದುಮಗಳಿಗೆ ಶಾಲು ಹೊದಿಸಿ, ಪಕ್ಕದಲ್ಲಿ ರುಬೀನಾಳನ್ನು ಕೂರಿಸುತ್ತೇನೆ, ಯಾಕೆಂದು ಕೇಳಿದವರಿಗೆಲ್ಲ ಅವಳೇ ಉತ್ತರ ಹೇಳಲಿ ಎಂದು ಕರಿಬಸಮ್ಮ ಫೋನಿನಲ್ಲಿ ತಣ್ಣಗೆ ಹೇಳಿದ್ದಳು.

ರುಬೀನಾಳ ತಾಯಿ ಕುಬ್ರಾ ಹೋಗಿ ಪಕ್ಕದ ಬೀದಿಯ ತನುಜಾಳನ್ನು ಕರೆತಂದರು. ತನುಜಾ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುವವಳು. ನೋಡಿದವಳೇ ಇದು ವೈರಸ್, ಪೆನ್‌ಡ್ರೈವ್‌ನಲ್ಲಿ ಬಂದಿರಬೇಕು ಎಂದಳು. ಅಪ್‌ಡೇಟ್ ಮಾಡಿ ಎಷ್ಟು ಕಾಲವಾಯಿತು ಎಂದು ಕೇಳಿದಳು. ಒಂದನ್ನೂ ಒಳಗೆ ಬಿಟ್ಟಿಲ್ಲ ಎಂದು ವಜೀರ್ ಸಾಬ್ ಹೆಮ್ಮೆಯಿಂದ ಹೇಳಿದರು.

“ಚೆನ್ನಾಗಿ ಓಡೋ ಮೆಷಿನ್ನು ಕಣಮ್ಮ, ಯಾಕೆ ಮುಟ್ಬೇಕು? ಮೊಬೈಲ್ ನೆಟ್ಟು ಬೇರೆ ತಿಂದಾಕ್ತದೆ.”

“ಸಾಬ್ರೇ, ಹಳಿ ಮೇಲೂ ಗಾಡಿ ಚೆನ್ನಾಗೇ ಓಡ್ತಿತ್ತಲ್ವಾ? ಮತ್ತೆ ಹಳಿ ರಿಪೇರಿ ಗ್ಯಾಂಗ್‌ನೋರು ಯಾಕೆ ದಿನಾ ನೋಡ್ಕೊಂಡ್ ಬರ್ತಿದ್ರು?”

“ಓಡ್ತಾ ಓಡ್ತಾನೇ ಸಡಿಲ ಆಗೋದು. ನೋಡ್ದಿದ್ರೆ ಗಾಡಿ ಬೀಳ್ತದೆ.”

“ಅವ್ರು ಹಳಿ ಮೇಲೆ ತಳ್ಕೊಂಡ್ ಬರೋ ಟ್ರಾಲಿನ ನೀವು ಔಟರ್‌ನಲ್ಲಿ ನಿಲ್ಲಿಸ್ತಿದ್ರಾ?”

ವಜೀರ್ ಸಾಬ್‌ಗೆ ಸಿಟ್ಟು ಬಂತು. “ರಿಪೇರಿ ಮಾಡೋರನ್ನ ಯಾರಾದ್ರೂ ತಡೀತಾರಾ? ಏನ್ ಮಾತು ಅಂತ ಆಡ್ತೀಯ.”

ಅವರು ಪರದೆಯನ್ನು ನೋಡಿದರು. ಹೆಂಡತಿಯ ಮುಖ ನೋಡಿದರು. ಪರದೆಯೇ ವಾಸಿ ಅನ್ನಿಸಿ ಮತ್ತೆ ಅತ್ತ ತಿರುಗಿದರು.

“ಇಷ್ಟು ದಿನ ನಾನು ನಿಲ್ಸಿದ್ದು ಟ್ರಾಲಿನಾ?”

“ಟ್ರಾಲಿನೇ, ಸಾಬ್ರೇ.”

ತನುಜಾ ಬಿಡಿಸಿ ಹೇಳಿದಳು. ಕಂಪ್ಯೂಟರಿನ ಸಾಫ್ಟ್‌ವೇರ್ ಮನುಷ್ಯರು ಬರೆದದ್ದು, ಅದರಲ್ಲಿ ಸಂದುಗಳು ಉಳಿದಿರುತ್ತವೆ. ಸಂದು ಗೊತ್ತಾದಾಗ ತಯಾರಿಸಿದವರು ಮುಚ್ಚಲು ಅಪ್‌ಡೇಟ್ ಕಳಿಸುತ್ತಾರೆ. ಹೊಸ ವೈರಸ್ಸಿನ ಗುರುತು ಕೂಡ ಅದರ ಜೊತೆಗೇ ಬರುತ್ತದೆ. ಮುಂದೂಡುತ್ತ ಹೋದರೆ ಸಂದು ಎಲ್ಲಿದೆ ಎಂದು ಕಳ್ಳನಿಗೆ ಗೊತ್ತಿರುತ್ತದೆ, ಮನೆಯವರಿಗೆ ಗೊತ್ತಿರುವುದಿಲ್ಲ.

ಅಪ್‌ಡೇಟ್ ಶುರುವಾಯಿತು. ‘ಕಂಪ್ಯೂಟರ್ ಆಫ್ ಮಾಡಬೇಡಿ’ ಎಂದು ಪರದೆ ಹೇಳಿದ್ದೇ ತಡ, ವಜೀರ್ ಸಾಬ್ ಸ್ವಿಚ್ ಬೋರ್ಡಿಗೆ ಬೆನ್ನು ಕೊಟ್ಟು ನಿಂತುಬಿಟ್ಟರು. ಕುಬ್ರಾ ಮಿಕ್ಸಿ ಹಾಕಲು ಬಂದರೂ ಸರಿಯಲಿಲ್ಲ. ಚಟ್ನಿ ಒರಳಿನಲ್ಲಿ ರುಬ್ಬಿದ್ದಾಯಿತು. ಕಂಪ್ಯೂಟರ್ ತಾನಾಗಿ ಆಫ್ ಆಗಿ ಆನ್ ಆದಾಗ ಅವರ ಮುಖದ ಬಣ್ಣವೂ ಹಾಗೇ ಹೋಗಿ ಬಂತು.

ಆಮೇಲೆ ತನುಜಾ ಕಂಪ್ಯೂಟರನ್ನೂ ಪೆನ್‌ಡ್ರೈವನ್ನೂ ಸ್ಕ್ಯಾನ್ ಮಾಡಿದಳು. ವೈರಸ್ ಸಿಕ್ಕಿತು. ಅದು ಫೈಲುಗಳನ್ನು ಅಳಿಸಿರಲಿಲ್ಲ, ಬಚ್ಚಿಟ್ಟಿತ್ತು. ತನುಜಾ ಒಂದೊಂದನ್ನೇ ಹೊರಗೆ ತಂದಳು. ಹಳೆಯದೊಂದು ತೋಳಿನ ಬಳ್ಳಿಯ ಡಿಸೈನ್ ಮಾತ್ರ ಕೊನೆಗೂ ತೆರೆಯಲಿಲ್ಲ. ಮದುವೆಯ ಡಿಸೈನ್ ಸಿಕ್ಕಿತು. ರುಬೀನಾ ಅದರ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಉಳಿಸಿ, ಕಡೂರಿನ ಅಂಗಡಿಗೂ ಫೋನ್ ಮಾಡಿ, ನಿಮ್ಮದನ್ನೂ ಸ್ಕ್ಯಾನ್ ಮಾಡಿಸಿ ಎಂದಳು.

ಸಂಜೆ ಚಹಾಕ್ಕೆ ಬಂದ ಹಳೇ ಗೆಳೆಯ ರುದ್ರಮೂರ್ತಿ ಕಥೆಯನ್ನೆಲ್ಲ ಕೇಳಿ, ಜೇಬಿನಿಂದ ಪೆನ್‌ಡ್ರೈವೊಂದನ್ನು ತೆಗೆದರು. ತರೀಕೆರೆಯಲ್ಲಿ ಯಾರೋ ಕಾಪಿ ಮಾಡಿಕೊಟ್ಟ ವಿಂಡೋಸ್ ಅದರಲ್ಲಿತ್ತು.

“ಇದನ್ನ ಹಾಕ್ಸೋ ವಜೀರ. ಪುಕ್ಕಟೆ. ಜನ್ಮದಲ್ಲಿ ಅಪ್‌ಡೇಟ್ ಕೇಳಲ್ಲ.”

ಓದುತ್ತಿರುವ ಅಕ್ಕ, ಅಣ್ಣಂದಿರೇ, ನಿಮ್ಮ ಮನೆಗೂ ಇಂಥ ಗೆಳೆಯರು ಬಂದೇ ಬರುತ್ತಾರೆ. ಇವತ್ತೇ ನಿಮ್ಮ ಕಂಪ್ಯೂಟರಿನ ಸೆಟ್ಟಿಂಗ್ಸ್ ತೆರೆದು ಅಪ್‌ಡೇಟ್ ತಾನಾಗಿ ಆಗುವಂತೆ ಇಡಿ. ಕರೆಂಟು ನೆಟ್ಟಗಿರುವ ಹೊತ್ತು ನೋಡಿ ಅದನ್ನು ಮುಗಿಯಲು ಬಿಡಿ. ಯಾವುದೋ ವೆಬ್‌ಸೈಟು ‘ಇಲ್ಲಿ ಒತ್ತಿ, ಅಪ್‌ಡೇಟ್ ಮಾಡಿ’ ಎಂದರೆ ಒತ್ತಬೇಡಿ. ಬೇಕಾದ ಫೈಲುಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ. ಕದ್ದು ಕಾಪಿ ಮಾಡಿದ ಸಾಫ್ಟ್‌ವೇರನ್ನು ಯಾರಾದರೂ ಪ್ರೀತಿಯಿಂದ ಕೊಟ್ಟರೆ, ವಜೀರ್ ಸಾಬ್ ಗೆಳೆಯನಿಗೆ ಹೇಳಿದ್ದನ್ನೇ ನೀವೂ ಹೇಳಿ.

“ಚಾ ಕುಡಿ,” ಎಂದರು ಅವರು. “ಅದು ಬೇಡ.”