ಕೇಳದಿದ್ದರೂ ಹೇಳಬೇಕಾದದ್ದು

"ಕೇಳಲಿಲ್ಲ ಅಂದ್ರೆ ಹೇಳಬಾರದಾ?" ಎಂದು ವಿಮಾ ಅಧಿಕಾರಿ ಗದರಿದ. ಗದರಿದ ಮೇಲೆ ತನ್ನ ದನಿ ತನಗೇ ಹಿಡಿಸಲಿಲ್ಲ.

ಎದುರಿಗೆ ಹಡಗಿನ ಯಜಮಾನ ಕುರ್ಚಿಯ ಅಂಚಿನಲ್ಲಿ ಕೂತಿದ್ದ. ಅವನ ಸರಕಿನ ಹಡಗು ಹೋದ ತಿಂಗಳು ಮುಳುಗಿತ್ತು. ಆಳುಗಳು ಈಜಿ ಬದುಕಿಕೊಂಡಿದ್ದರು. ಇವನಿಗೆ ಉಳಿದದ್ದು ವಿಮೆಯೊಂದೇ. ತಳ ಸೋರುತ್ತಿದ್ದುದನ್ನು ವಿಮೆ ಮಾಡಿಸುವಾಗ ಇವನು ಬಾಯಿಬಿಟ್ಟಿರಲಿಲ್ಲ. ಗೊತ್ತಿರುವ ಮುಖ್ಯ ಸಂಗತಿಯನ್ನು ಯಾರೂ ಕೇಳದಿದ್ದರೂ ಹೇಳಬೇಕು, ಮುಚ್ಚಿಟ್ಟರೆ ವಿಮೆ ಬಿದ್ದುಹೋಗುತ್ತದೆ. ಈ ಪಾಠವನ್ನು ಅಧಿಕಾರಿ ಹೊಸಬರಿಗೆಲ್ಲ ನಗಿಸುತ್ತಲೇ ಒಪ್ಪಿಸುತ್ತಿದ್ದ.

"ನಿಮಗೆ ಗೊತ್ತಿತ್ತಲ್ಲ ಸಾರ್."

"ನನಗಾ?"

"ವಿಮೆಗೆ ಮುಂಚೆ ಹಡಗು ನೋಡೋಕೆ ಬಂದಿದ್ರಲ್ಲ, ಆಗ ಪಂಪು ಓಡ್ತಿತ್ತು. ನಿಂತ ಹಡಗಲ್ಲಿ ಪಂಪು ಇನ್ಯಾಕೆ ಓಡುತ್ತೆ? ಒಳಗೆ ಬಂದ ನೀರು ಎತ್ತಿ ಹಾಕೋಕೆ. ನೀವು ಫೋನಲ್ಲಿದ್ರಿ. ಏನ್ರೀ ಗಲಾಟೆ, ನಿಲ್ಲಿಸಿ ಅಂದ್ರಿ. ನಿಲ್ಲಿಸಿದ್ವಿ. ಆಮೇಲೆ ಸಹಿ ಹಾಕಿ ಹೋದ್ರಿ. ಇವರಿಗೆ ತಿಳೀತು, ಪರವಾಗಿಲ್ಲ ಅಂದ್ಕೊಂಡೆ."

ಕಂಪನಿಗೆ ಮೊದಲೇ ತಿಳಿದದ್ದನ್ನು ಹೇಳಬೇಕಾಗಿಲ್ಲ. ಅದೂ ಅದೇ ಕಾನೂನಿನ ಮಾತು. 'ಹೌದು, ಗೊತ್ತಿತ್ತು' ಎಂದು ತಾನೊಬ್ಬ ಅಂದರೆ ಇವನು ಉಳಿಯುತ್ತಾನೆ. ತನ್ನ ಕೆಲಸ ಹೋಗುತ್ತದೆ. ಪಂಪಿನ ಸದ್ದು ಚೆನ್ನಾಗಿಯೇ ನೆನಪಿತ್ತು. ಫೋನು ಯಾರದೆಂಬುದು ಮರೆತಿತ್ತು.

"ನೋಡೋಣ."

"ನೋಡೋಣ ಅಂದ್ರೆ?"

"ನೋಡೋಣ ಅಂದ್ರೆ ನೋಡೋಣ."

ಮಧ್ಯಾಹ್ನ ಮ್ಯಾನೇಜರು ಕರೆಸಿದರು. "ನೀವೇ ಹೋಗಿದ್ರಲ್ಲ, ಆವಾಗ ಏನಾದ್ರೂ ಕಣ್ಣಿಗೆ ಬಿತ್ತಾ?"

"ಕಣ್ಣಿಗಾ? ಇಲ್ಲ ಸಾರ್."

ಸುಳ್ಳಲ್ಲ, ಬಿದ್ದದ್ದು ಕಿವಿಗೆ. ಈ ಜಾಣತನಕ್ಕೆ ಅವನಿಗೇ ಹೇಸಿಗೆಯಾಯಿತು.

"ಹಾಗಾದ್ರೆ ವಿಮೆ ಹಣ ಕೊಡೋಕಾಗಲ್ಲ ಅಂತ ನಾಳೆ ಬೆಳಗ್ಗೆ ಬರೆದು ಕಳಿಸಿಬಿಡಿ."

ಸಂಜೆ ಬಾಗಿಲು ತೆಗೆದ ಹೆಂಡತಿ, "ಯಾಕೆ ಮುಖ ಹೀಗಿದೆ?" ಎಂದಳು.

"ಏನಿಲ್ಲ."

ಅವಳು ಮತ್ತೆ ಕೇಳಲಿಲ್ಲ. ಎರಡನೇ ಸಲ ಕೇಳುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಅಪ್ಪ ಕಿಟಕಿಯ ಪಕ್ಕ ಕೂತಿದ್ದರು. ಕಿವಿಯ ಮೆಷಿನ್ನು ಮೇಜಿನ ಮೇಲಿತ್ತು. ಅದಿಲ್ಲದಿದ್ದರೆ ಅವರಿಗೆ ಗುಡುಗೂ ಕೇಳಿಸದು. ಅವನು ಸ್ಟೂಲು ಎಳೆದುಕೊಂಡು ಕೂತ. ಪಂಪು, ಫೋನು, ಸಹಿ, ನಾಳೆ ಬೆಳಗ್ಗೆ ಬರೆಯಬೇಕಾದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಅಪ್ಪ ತಲೆಯಾಡಿಸುತ್ತಾ ನಕ್ಕರು. "ಒಳ್ಳೇದಾಯ್ತು ಬಿಡು," ಎಂದರು.

ಅಬ್ಬ, ಹೇಳಿದ್ದಾಯಿತು ಎಂದು ಅವನ ಮನಸ್ಸು ಹಗುರಾಯಿತು. ನಾಚಿಕೆಯಾಗುವಷ್ಟು ಹಗುರಾಯಿತು.

ಅವನ ಕೆನ್ನೆ ಒದ್ದೆಯಾಗಿದ್ದುದು ಅಪ್ಪನಿಗೆ ಆಗ ಕಂಡಿರಬೇಕು. ನಗು ನಿಲ್ಲಿಸಿದರು. ತಡವರಿಸಿ ಮೆಷಿನ್ನು ಎತ್ತಿಕೊಂಡು ಕಿವಿಗೆ ಸಿಕ್ಕಿಸಿ, ಅವನತ್ತ ಬಾಗಿದರು.

"ಈಗ ಹೇಳೋ, ಏನಾಯ್ತು?"

ಬಿಳಿ ಕೂದಲು ಬೆಳೆದ ಆ ದೊಡ್ಡ ಕಿವಿ ಅವನ ಬಾಯಿಯ ಹತ್ತಿರ ಬಂದು ಅಲ್ಲೇ ನಿಂತಿತು.