ಮೆಲಾಸ್‌ಗೆ ಆಟ ಕಲಿಸಿದ್ದು

ನಮ್ಮನೆಯವರು ಥಿಯೊಫಾನ್ ಒಳ್ಳೆಯ ಮನುಷ್ಯರು. ಆದರೆ ಅವರ ಮುಖದಲ್ಲಿ ನಗುವನ್ನು ನಮ್ಮೂರು ಪಬ್ನಿಕೋದಲ್ಲಿ ಯಾರೂ ನೋಡಿಲ್ಲ. ಮದುವೆಯ ಫೋಟೋದಲ್ಲೂ ಹಲ್ಲುನೋವು ಬಂದವರ ಹಾಗೆ ನಿಂತಿದ್ದಾರೆ. ಅಂಥವರ ಕೈಗೆ ನನ್ನ ಅಣ್ಣ ಅನ್ಸೆಲ್ಮ್ ತನ್ನ ಮನೆಯ ಕೆಂಚು ನಾಯಿಮರಿಯೊಂದನ್ನು ಕೊಟ್ಟ. ನಾನು ಅದಕ್ಕೆ ಮೆಲಾಸ್ ಎಂದು ಹೆಸರಿಟ್ಟೆ.

ಈ ಜಾತಿಯ ನಾಯಿಯ ಕೆಲಸವೇ ಆಟ. ಬೇಟೆಗಾರ ಹುಲ್ಲಿನ ಮರೆಯಲ್ಲಿ ಕೂತು ಕೋಲು ಎಸೆಯುತ್ತಿರಬೇಕು, ನಾಯಿ ದಡದ ಮೇಲೆ ಕುಣಿದಾಡುತ್ತಿರಬೇಕು. ಇದೇನು ಹುಚ್ಚು ಎಂದು ನೋಡಲು ದೂರದ ಕಾಡುಬಾತುಗಳು ಈಜಿಕೊಂಡು ಹತ್ತಿರ ಬರುತ್ತವೆ. ಆಮೇಲೆ ಕೋವಿ, ಆಮೇಲೆ ಬಿದ್ದ ಬಾತನ್ನು ನೀರಿನಿಂದ ತರುವುದು. ತರುವುದನ್ನು ನಮ್ಮನೆಯವರು ಚೆನ್ನಾಗಿಯೇ ಕಲಿಸಿದರು. ಕೂರು ಎಂದರೆ ಕೂರುತ್ತಿತ್ತು, ಬಿಡು ಎಂದರೆ ಬಿಡುತ್ತಿತ್ತು. ಆದರೆ ಕೋಲು ಎಸೆದರೆ ಕುಣಿಯದೆ ಅಂಚೆಯವನ ಹಾಗೆ ನೆಟ್ಟಗೆ ಹೋಗಿ, ತಂದು, ಕೈಗೊಪ್ಪಿಸಿ ಕೂತುಬಿಡುತ್ತಿತ್ತು. ಅದನ್ನು ನೋಡಲು ಯಾವ ಬಾತು ಬರುತ್ತದೆ?

“ಅದರ ಜೊತೆ ಸ್ವಲ್ಪ ಆಟ ಆಡ್ರೀ,” ಎಂದೆ.

“ಈ ವಯಸ್ಸಲ್ಲಿ ನಾಯಿ ಮುಂದೆ ಕುಣೀಲಾ? ಬೇಟೆ ಕಾಲ ಮುಗಿಯೋದ್ರೊಳಗೆ ಒಂದು ಬಾತಾದ್ರೂ ತರದಿದ್ರೆ ನಿಮ್ಮಣ್ಣ ವಾಪಸ್ ತಗೊಂಡು ಹೋಗ್ಲಿ. ಕೂತು ತಿನ್ನೋ ನಾಯಿ ನಮಗ್ಯಾಕೆ?”

ನನಗೆ ಮೈಯೆಲ್ಲ ಉರಿಯಿತು. ತವರಿನ ನಾಯಿ ಎಂಬ ಅಭಿಮಾನ ಹಾಗಿರಲಿ, ಆ ಪ್ರಾಣಿ ಎಂದರೆ ನನಗೆ ಜೀವ. ನಾನು ಆಲೂಗಡ್ಡೆ ತುರಿಯುವಾಗ ಅದು ನನ್ನ ಪಾದದ ಮೇಲೆ ಗದ್ದ ಇಟ್ಟು ಮಲಗುತ್ತಿತ್ತು.

ಬೇಟೆ ಕಾಲದ ಕೊನೆಯ ದಿನ ಬೆಳಿಗ್ಗೆ ಹಟ ಮಾಡಿ ನಾನೂ ಹೊರಟೆ. ಮಧ್ಯಾಹ್ನ ನಾಯಿಯನ್ನು ಕರೆದೊಯ್ಯಲು ಅಣ್ಣ ಬರುವವನಿದ್ದ. ಮರೆಯಲ್ಲಿ ಇಬ್ಬರೂ ಬಗ್ಗಿ ಕೂತೆವು. ಕೊಲ್ಲಿಯ ಆಚೆ ಬಾತುಗಳ ದೊಡ್ಡ ಹಿಂಡಿತ್ತು. ಅವರು ಕೋಲು ಎಸೆದರು. ಮೆಲಾಸ್ ತಂದಿತು, ಕೂತಿತು. ಮತ್ತೆ ಎಸೆದರು. ತಂದಿತು, ಕೂತಿತು.

“ಇಷ್ಟೇ ಇದರ ಹಣೇಬರಹ,” ಎಂದು ಪಿಸುಗುಟ್ಟಿದರು.

“ಅದರ ಹಣೇಬರಹ ಅಲ್ಲ, ನಿಮ್ಮ ಮುಖ. ಆ ಮುಖ ನೋಡ್ಕೊಂಡು ಯಾರಿಗೆ ಆಟ ಆಡೋಕೆ ಮನಸ್ಸು ಬರುತ್ತೆ?” ಅಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತ್ತು.

ಅವರು ನನ್ನನ್ನು ನೋಡಿದರು, ನಾಯಿಯನ್ನು ನೋಡಿದರು. ಆಮೇಲೆ ತಲೆಯ ಉಣ್ಣೆ ಟೋಪಿ ಕಿತ್ತು ಹಲ್ಲಿನಲ್ಲಿ ಕಚ್ಚಿಕೊಂಡು, ಆ ಕೆಸರಿನಲ್ಲಿ ಅಂಬೆಗಾಲಿಕ್ಕಿ, ನಾಯಿಯ ಮುಂದೆ ಗುರ್ರ್ ಎಂದರು.

ಮೆಲಾಸ್ ಒಂದು ಕ್ಷಣ ದಂಗಾಯಿತು. ಆಮೇಲೆ ಬಾಲ ಎತ್ತಿ ಟೋಪಿಗೆ ಬಾಯಿ ಹಾಕಿತು. ಇಬ್ಬರೂ ಜಗ್ಗಾಡಿದರು. ಟೋಪಿ ಕಿತ್ತುಕೊಂಡ ನಾಯಿ ದಡಕ್ಕೆ ಓಡಿತು, ನೆಗೆಯಿತು, ಗಿರಗಿರನೆ ಸುತ್ತಿತು, ತಂದುಕೊಟ್ಟು ಮತ್ತೆ ಎಸೆಯಿರಿ ಎಂದು ಪೀಡಿಸಿತು. ಬಾತುಗಳು ಕತ್ತು ಉದ್ದ ಮಾಡಿ ನೋಡಿದವು. ಹತ್ತಿರ ಬಂದವು, ಕಲ್ಲೆಸೆದರೆ ತಾಗುವಷ್ಟು ಹತ್ತಿರ ಬಂದವು.

“ಕೋವಿ ತಗೊಳ್ರೀ,” ಎಂದೆ.

“ಇರೇ, ಇನ್ನೊಂದ್ಸಲ ಎಸೀತೀನಿ,” ಎಂದರು, ಮೂಗಿಗೆಲ್ಲ ಕೆಸರು ಮೆತ್ತಿಕೊಂಡು.

ನನ್ನಿಂದ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಹಿಂಡಿಗೆ ಹಿಂಡೇ ಎದ್ದು ಹಾರಿಹೋಯಿತು.

ಬರಿಗೈಲಿ ಮನೆಗೆ ಹೊರಟೆವು. ಮನೆ ಮುಂದೆ ಅಣ್ಣನ ಗಾಡಿ ಆಗಲೇ ನಿಂತಿತ್ತು. ನಾನು ನಗದಿದ್ದರೆ ಒಂದು ಬಾತಾದರೂ ಸಿಗುತ್ತಿತ್ತು. ಕೈಯಾರೆ ನಾಯಿಯನ್ನು ಕಳೆದುಕೊಂಡೆನಲ್ಲ ಎನಿಸಿತು.

“ಏನು ಭಾವ, ಬಾತು ಬಂತಾ?” ಎಂದು ಅಣ್ಣ ಕೇಳಿದ.

“ಬಂತು. ನಾಯಿ ಕರೀತು, ಬಂತು. ನಿನ್ನ ತಂಗಿ ನಕ್ಕು ಓಡಿಸಿದ್ಲು.” ಅವರು ಮೆಲಾಸ್‌ನ ಹಗ್ಗ ಬಿಚ್ಚಿದರು. “ವಾಪಸ್ ಕರ್ಕೊಂಡು ಹೋಗ್ಲೇಬೇಕು ಅಂದ್ರೆ ಇವಳನ್ನ ಕರ್ಕೊಂಡು ಹೋಗು. ನಾಯಿ ಇಲ್ಲೇ ಇರುತ್ತೆ.”

ಇಷ್ಟು ವರ್ಷದ ಸಂಸಾರದಲ್ಲಿ ಇದಕ್ಕಿಂತ ಸಿಹಿಯಾದ ಮಾತು ಅವರ ಬಾಯಿಂದ ನಾನು ಕೇಳಿಲ್ಲ. ಒಳಗೆ ಹೋಗಿ ಎಲ್ಲರಿಗೂ ಊಟ ಬಡಿಸಿದೆ, ಮೆಲಾಸ್‌ಗೇ ಮೊದಲು.